ಸಂಕ್ರಾಂತಿಯೂ ಉತ್ತರಾಯಣವೂ



ಮಕರ ಸಂಕ್ರಾಂತಿಯ ದಿನ ಎಳ್ಳುಬೆಲ್ಲವನ್ನು ಹಂಚುವಾಗ ನಾವೆಲ್ಲರೂ ಒಂದು ಮಾತನ್ನಾಡುತ್ತೇವೆ: ಇಂದಿನಿಂದ ಉತ್ತರಾಯಣ, ಸೂರ್ಯನು ಇಂದು ಉತ್ತರಕ್ಕೆ ತಿರುಗಿದನು, ಎಂದು. ಪುರೋಹಿತರು ಸಂಕಲ್ಪದಲ್ಲಿ ಹೇಳಿಸುವುದೂ ಅದನ್ನೇ. ಆದರೆ ಆಕಾಶದಲ್ಲಿ ನಡೆಯುವುದು ಬೇರೆ. ಸೂರ್ಯನು ದಕ್ಷಿಣದ ಎಲ್ಲೆಯನ್ನು ಮುಟ್ಟಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ರಂದು. ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ರಂದು. ನಡುವೆ ಸುಮಾರು 24 ದಿನಗಳು. ಅಷ್ಟು ದಿನವೂ ಸೂರ್ಯನು ಉತ್ತರಾಭಿಮುಖನಾಗಿಯೇ ನಡೆಯುತ್ತಿರಲು, ನಾವು ದೇವರ ಮುಂದೆ ಕುಳಿತು ‘ದಕ್ಷಿಣಾಯನೇ’ ಎಂದು ಉಚ್ಚರಿಸುತ್ತಿರುತ್ತೇವೆ.

ಇದನ್ನು ಕೇಳಿದೊಡನೆ ವಿದ್ಯಾವಂತರಲ್ಲಿ ಎರಡು ಪಕ್ಷಗಳು ಏಳುತ್ತವೆ. ನಮ್ಮ ಹಿರಿಯರಿಗೆ ಆಕಾಶದ ಗತಿಯೇ ತಿಳಿದಿರಲಿಲ್ಲವೆಂದು ಒಂದು. ಇಂದಿನ ವಿಜ್ಞಾನವೆಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಇದ್ದಿತೆಂದು ಇನ್ನೊಂದು. ಎರಡೂ ಪಕ್ಷದವರು ಗ್ರಂಥವನ್ನು ಬಿಚ್ಚಿ ನೋಡಿದಂತೆ ತೋರುವುದಿಲ್ಲ.

ಗ್ರಂಥಗಳು ಏನು ಹೇಳುತ್ತವೆ? ವೇದಾಂಗ ಜ್ಯೋತಿಷದಲ್ಲಿ ಉತ್ತರಾಯಣವು ಧನಿಷ್ಠಾ ನಕ್ಷತ್ರದ ಆದಿಯಲ್ಲಿ ಆರಂಭವಾಗುತ್ತದೆ; ಮಕರ ರಾಶಿಯ ಹೆಸರು ಅಲ್ಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ಆದಿತ್ಯಚಾರದಲ್ಲಿ ಈ ವಿಷಯವನ್ನೇ ಎತ್ತಿಕೊಂಡಿದ್ದಾನೆ. ಪೂರ್ವಶಾಸ್ತ್ರಗಳಲ್ಲಿ ಹೇಳಿರುವುದರಿಂದ, ಹಿಂದೊಮ್ಮೆ ದಕ್ಷಿಣಾಯನವು ಆಶ್ಲೇಷೆಯ ನಡುವಿನಿಂದಲೂ ಉತ್ತರಾಯಣವು ಧನಿಷ್ಠೆಯ ಆದಿಯಿಂದಲೂ ನಡೆಯುತ್ತಿದ್ದಿರಬೇಕು. ಈಗಲಾದರೋ ಕರ್ಕಾಟಕದ ಆದಿಯಿಂದಲೂ ಮಕರದ ಆದಿಯಿಂದಲೂ ನಡೆಯುತ್ತಿವೆ, ಎಂಬುದು ಆತನ ಅಭಿಪ್ರಾಯ. ಇಷ್ಟಕ್ಕೇ ಆತನು ಬಿಡಲಿಲ್ಲ. ವ್ಯತ್ಯಾಸವುಂಟಾದರೆ ಕಣ್ಣಾರೆ ನೋಡಿ ನಿಶ್ಚಯಿಸಿಕೊಳ್ಳಬೇಕೆಂದನು. ಉದಯಾಸ್ತಕಾಲದಲ್ಲಿ ದೂರದ ಗುರುತೊಂದನ್ನು ಹಿಡಿದು ಸೂರ್ಯನನ್ನು ನೋಡುವ ರೀತಿಯನ್ನೂ, ಶಂಕುವಿನ ನೆರಳಿನ ಪ್ರವೇಶ ನಿರ್ಗಮಗಳನ್ನು ಗುರುತಿಸುವ ರೀತಿಯನ್ನೂ ತಿಳಿಸಿದನು. ಮಕರಾದಿಯೇ ಉತ್ತರಾಯಣವೆಂಬುದು ಆತನ ಕಾಲಕ್ಕೆ ನಿಜವಾಗಿದ್ದ ಮಾತು. ನಾವು ಆ ಮಾತನ್ನು ಇಟ್ಟುಕೊಂಡು, ಅದರೊಡನೆ ಬಂದ ಅಪ್ಪಣೆಯನ್ನು ಮರೆತೆವು.

ಅಂತರವುಂಟಾದುದಕ್ಕೆ ಕಾರಣವೇನೆಂದರೆ, ಭೂಮಿಯು ತನ್ನ ಅಕ್ಷದ ಮೇಲೆ ಸುತ್ತುವಾಗ ಆ ಅಕ್ಷವೇ ತೂಗಾಡುವ ಬುಗುರಿಯಂತೆ ಮೆಲ್ಲಮೆಲ್ಲನೆ ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷಗಳು ಬೇಕು. ಇದರಿಂದಾಗಿ ಋತುಗಳನ್ನನುಸರಿಸುವ ವರ್ಷವು ನಕ್ಷತ್ರಗಳನ್ನನುಸರಿಸುವ ವರ್ಷಕ್ಕಿಂತ ಸುಮಾರು 20 ನಿಮಿಷ ಕಡಮೆಯಾಗಿದೆ. ಇಪ್ಪತ್ತು ನಿಮಿಷವೆಂದರೆ ಅಲ್ಪವೇ ಸರಿ. ಆದರೆ ಸುಮಾರು 71 ವರ್ಷಗಳಲ್ಲಿ ಅದು ಒಂದು ದಿನವಾಗುತ್ತದೆ. ನಮ್ಮ ಸಂಕ್ರಾಂತಿಯು ನಕ್ಷತ್ರಗಳನ್ನು ಹಿಡಿದದ್ದು. ಅಯನವಾದರೋ ಋತುವನ್ನು ಹಿಡಿದದ್ದು. ಸ್ವಾಮಿ ವಿವೇಕಾನಂದರು 1863ರ ಸಂಕ್ರಾಂತಿಯ ದಿನ ಜನಿಸಿದರೆಂಬುದನ್ನು ಎಲ್ಲರೂ ಬಲ್ಲರು. ಆ ದಿನದ ತಾರೀಖು ಜನವರಿ 12. ಪಂಚಾಂಗವನ್ನು ತೆರೆದರೆ ‘ಅಯನಾಂಶ’ವೆಂದು ಸುಮಾರು 24 ಭಾಗೆಗಳನ್ನು ಅಚ್ಚುಹಾಕಿರುತ್ತಾರೆ. ಈ ಅಂತರವೆಂದರೆ ಅದೇ.

ಹಾಗೆಂದು ಹಿರಿಯರು ಎಲ್ಲವನ್ನೂ ಬಲ್ಲರೆಂದರೆ ಅದೂ ಸಲ್ಲದು. ಸೂರ್ಯಸಿದ್ಧಾಂತವು ಈ ಚಲನವನ್ನು ಗುರುತಿಸಿತು. ಆದರೆ ಅದು 27 ಭಾಗೆಗಳವರೆಗೆ ಹೋಗಿ ಉಯ್ಯಾಲೆಯಂತೆ ಹಿಂದಿರುಗುವುದೆಂದು ಎಣಿಸಿತು. ಅದು ಹಿಂದಿರುಗುವುದಿಲ್ಲ. ಈ ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ಗ್ರಂಥದ ಗೌರವ ಕುಂದುವುದೆಂದು ನಮಗೆ ತೋರುವುದಿಲ್ಲ.

ಇನ್ನು ದೇವಾಲಯದ ವಿಷಯ. ಬೆಂಗಳೂರಿನ ಗವೀಪುರದಲ್ಲಿ ಗಂಗಾಧರೇಶ್ವರನ ಗುಹಾಲಯವಿದೆ. ಸಂಕ್ರಾಂತಿಯ ಸಂಜೆ ಅಸ್ತಮಿಸುವ ಸೂರ್ಯನ ಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ನೋಡಲು ಸಾವಿರಾರು ಜನ ಕಿಕ್ಕಿರಿದು ನಿಲ್ಲುತ್ತಾರೆ. ಕಂಡವರು ಆ ಕ್ಷಣವನ್ನು ಮರೆಯಲಾರರು. ವರ್ಷದಲ್ಲಿ ಆ ಒಂದು ದಿನ ಮಾತ್ರವೇ ಹೀಗಾಗುವುದೆಂದು ಜನರ ನಂಬಿಕೆ. ಆದರೆ ಸ್ವಲ್ಪ ಯೋಚಿಸೋಣ. ಸೂರ್ಯನು ದಕ್ಷಿಣಕ್ಕೆ ಹೋಗುವಾಗ ಹಾದ ಸ್ಥಾನವನ್ನೇ ಹಿಂದಿರುಗುವಾಗಲೂ ಹಾಯಬೇಕಷ್ಟೆ. ತಿರುವು ಕಳೆದ 24 ದಿನಕ್ಕೆ ಸಂಕ್ರಾಂತಿಯಾದರೆ, ತಿರುವಿಗೆ 24 ದಿನ ಮೊದಲು, ಎಂದರೆ ನವೆಂಬರ್ ತಿಂಗಳ ಕೊನೆಯಲ್ಲಿ, ಅದೇ ಕಿರಣವು ಅದೇ ಕೊಂಬುಗಳ ನಡುವೆ ಬರಲೇಬೇಕು. ಬರುತ್ತದೆ, ಎರಡು ಸಲವೂ ಒಂದೇ ದಿನವಲ್ಲ, ಕೆಲವು ದಿನಗಳ ಕಾಲ. ಬೆಂಗಳೂರಿನ ಖಗೋಳವಿದ್ವಾಂಸರು ಅಳೆದು ನೋಡಿ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ನವೆಂಬರಿನಲ್ಲಿ ಮಾತ್ರ ಅಲ್ಲಿ ಜನಸಂದಣಿಯಿರುವುದಿಲ್ಲ. ಈಶ್ವರನೂ ಸೂರ್ಯನೂ ಇಬ್ಬರೇ.

ಆ ವಿದ್ವಾಂಸರು ಇನ್ನೊಂದು ಕೆಲಸವನ್ನೂ ಮಾಡಿದರು. ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು 1792ರ ಸುಮಾರಿಗೆ ಬರೆದ ಈ ಗುಡಿಯ ಚಿತ್ರವನ್ನು ಇಂದಿನ ಕಟ್ಟಡದೊಡನೆ ಹೋಲಿಸಿದಾಗ, ಈಗಿರುವ ಕಟ್ಟಡಗಳಲ್ಲಿ ಕೆಲವು ಆಗ ಇರಲಿಲ್ಲವೆಂದು ಕಂಡುಬಂದಿತು. ಕೆಂಪೇಗೌಡರ ಕಾಲದಲ್ಲಿ, ಎಂದರೆ 16ನೆಯ ಶತಮಾನದಲ್ಲಿ, ಸಂಕ್ರಾಂತಿಯು ಅಯನದ ತಿರುವಿಗೆ ಇಂದಿಗಿಂತ ಆರೇಳು ದಿನ ಹತ್ತಿರದಲ್ಲಿದ್ದಿತೆಂಬುದನ್ನೂ ನಾವು ಲೆಕ್ಕಕ್ಕೆ ತಂದುಕೊಳ್ಳಬೇಕು. ಗುಡಿಯ ಕಿಟಕಿಯು ಸೂರ್ಯನ ಅಯನವನ್ನು ಹಿಡಿದಿರುತ್ತದೆಯೇ ಹೊರತು ಪಂಚಾಂಗದ ಸಂಕ್ರಾಂತಿಯನ್ನಲ್ಲ. ಸಂಕ್ರಾಂತಿಯು ಮುಂದೆ ಮುಂದೆ ಸರಿದಂತೆ ಒಂದು ಕಾಲಕ್ಕೆ ಕಿರಣವೂ ಹಬ್ಬವೂ ಬೇರೆಯಾಗುವುವು.

ಹಾಗಾದರೆ ಹಬ್ಬವನ್ನು ಡಿಸೆಂಬರಿಗೆ ತರಬೇಕೆ? ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು 1955ರ ತನ್ನ ವರದಿಯಲ್ಲಿ ಋತುಗಳಿಗೆ ಹೊಂದುವ ಸಾಯನ ವರ್ಷವನ್ನು ಸೂಚಿಸಿತು; 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೂ ಜಾರಿಗೆ ಬಂದಿತು. ಮನೆಗಳಲ್ಲಿ ಅದು ಬೇರೂರಲಿಲ್ಲ. ನಮಗಂತೂ ಸಂಕ್ರಾಂತಿಯನ್ನು ಕದಲಿಸಬೇಕಾದ ಅಗತ್ಯ ಕಾಣದು. ಸೂರ್ಯನು ನಿರಯಣ ಮಕರವನ್ನು ಪ್ರವೇಶಿಸುವುದು ಆ ದಿನವೇ, ಸುಗ್ಗಿಯೂ ಆಗಲೇ, ಕಬ್ಬು ಕಾಯುವುದಿಲ್ಲ. ಅದನ್ನು ಉತ್ತರಾಯಣದ ಮೊದಲ ದಿನವೆಂದು ಮಕ್ಕಳಿಗೆ ಹೇಳುವುದನ್ನು ಮಾತ್ರ ಬಿಡಬಹುದು.

ನಮ್ಮ ಮಾತಿನಲ್ಲಿ ಸಂದೇಹವುಳ್ಳವರು ವರಾಹಮಿಹಿರನ ಉಪಾಯವನ್ನೇ ಅನುಸರಿಸಲಿ. ಮಹಡಿಯ ಮೇಲೆ ಸಮತಟ್ಟಾದ ಸ್ಥಳದಲ್ಲಿ 12 ಅಂಗುಲದ ಕಡ್ಡಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಹಗಲು 12 ಗಂಟೆಯಿಂದ ಮುಕ್ಕಾಲು ಗಂಟೆಯ ಕಾಲ ನೆರಳಿನ ತುದಿಯನ್ನು ಗುರುತು ಮಾಡುತ್ತ ಬಂದರೆ, ಅತ್ಯಂತ ಕಿರಿದಾದ ನೆರಳೇ ಆ ದಿನದ ಮಧ್ಯಾಹ್ನದ ನೆರಳು. ಬೆಂಗಳೂರಿನಲ್ಲಿ ಅದು ಡಿಸೆಂಬರ್ 22ರಂದು ಎಂಟೂಮುಕ್ಕಾಲು ಅಂಗುಲಕ್ಕೆ ತುಸು ಹೆಚ್ಚಾಗಿರುತ್ತದೆ. ಸಂಕ್ರಾಂತಿಯ ದಿನ ಅಳೆದರೆ ಎಂಟೂಕಾಲಕ್ಕೆ ತುಸು ಕಡಮೆ.