ಬಿ.ಕಾಂ ಮುಗೀತು, ಈಗ ಯಾರನ್ನ ಕೇಳೋದು?

ಇವತ್ತಿನ ಮಾತು ಯಾದಗಿರಿ, ಶಹಾಪುರ, ಸುರಪುರದಾಗ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರ ಸಲುವಾಗಿ. ಕೊನೇ ಸೆಮಿಸ್ಟರ್‌ನಲ್ಲಿ ಇರೋರೂ ಕೇಳ್ರಿ, ಖರೇ ಹೇಳಬೇಕಂದ್ರ ನಿಮಗೇ ಇದು ಹೆಚ್ಚು ಉಪಯೋಗ.

ನಮ್ಮ ಕಡೆ ರಿಸಲ್ಟ್ ಬಂದ ಮರುದಿನದಿಂದ "ಮುಂದೇನು?" ಅಂತ ಶುರುವಾಗ್ತದ. ಉತ್ತರಾನೂ ಕೇಳೋರ ಹತ್ರಾನೇ ರೆಡಿ ಇರ್ತದ: ಬೆಂಗಳೂರಿಗೆ ಹೋಗು, ಇಲ್ಲಾ ಕೆಪಿಎಸ್‌ಸಿಗೆ ಓದು, ಇಲ್ಲಾ ಎಂ.ಕಾಂ ಸೇರು. ಹುಡುಗಿಯರಿಗೆ ನಾಲ್ಕನೇದೂ ಒಂದು ಇರ್ತದ, ಅದನ್ನ ನಾನು ಹೇಳೋದೇ ಬ್ಯಾಡ. ಹಿರಿಯರನ್ನ ಬೈಯೋಕೆ ಈ ಮಾತು ಹೇಳ್ತಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ಇಡೀ ರಾಜ್ಯದಲ್ಲೇ ಕಡಿಮೆ. ಅಂದ್ರೆ ಎಷ್ಟೋ ಮನೆಗಳಲ್ಲಿ ಡಿಗ್ರಿ ಮಾಡಿದ ಮೊದಲ ಮನುಷ್ಯ ನೀವೇ. ಅಪ್ಪನಿಗೆ ಹತ್ತಿಯ ರೇಟು ಗೊತ್ತು, ಕಾಲುವೆಗೆ ನೀರು ಯಾವಾಗ ಬಿಡ್ತಾರೆ ಗೊತ್ತು. ಆರ್ಟಿಕಲ್‌ಶಿಪ್ ಅಂದ್ರೇನು ಅಂತ ಅವರನ್ನ ಕೇಳಿದ್ರ ಪಾಪ ಏನು ಹೇಳ್ಬೇಕು? ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೆಲ್ ಅಂತ ಬೋರ್ಡ್ ಇರ್ತದ. ಬಹಳಷ್ಟು ಕಡೆ ಅದು ಪಾಠ ಮಾಡೋ ಸರ್ ಒಬ್ಬರ ಹೆಗಲ ಮೇಲಿನ ಇನ್ನೊಂದು ಕೆಲಸ, ಅಷ್ಟೇ.

ಹಂಗಾಗಿ ಯಾರೋ ಒಬ್ಬರು ಮೊದಲೇ ಹೇಳಬೇಕಾಗಿದ್ದ ಕೆಲವು ವಿಷಯ ನಾನು ಇಲ್ಲಿ ಹೇಳ್ತೀನಿ.

ಮೊದಲನೇದು 371(ಜೆ). ಹೆಸರು ಎಲ್ಲರೂ ಕೇಳಿರ್ತಾರ, ಕಾಗದ ಮಾತ್ರ ಕೈಯಲ್ಲಿ ಇರಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಪ್ರಕಾರ 2013ರಲ್ಲಿ ರಾಜ್ಯ ಸರ್ಕಾರ ನೇಮಕಾತಿ ಆದೇಶ ಹೊರಡಿಸಿತು. ನಮ್ಮ ಪ್ರದೇಶದ ಸ್ಥಳೀಯ ವೃಂದದಲ್ಲಿ ಗ್ರೂಪ್ ಎ ಮತ್ತು ಬಿ ಹುದ್ದೆಗಳಲ್ಲಿ ಶೇ 75, ಸಿಯಲ್ಲಿ ಶೇ 80, ಡಿಯಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಓದೋದಕ್ಕೂ ಇದೆ: ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ಹೊರಗಡೆ ಶೇ 8.

ಆದ್ರ ಇದು ನಿಮಗೆ ಸಿಗೋದು ನೀವು ಸ್ಥಳೀಯರು ಅಂತ ಸಹಾಯಕ ಆಯುಕ್ತರು ಕೊಟ್ಟ ಅರ್ಹತಾ ಪ್ರಮಾಣಪತ್ರ ಇದ್ರ ಮಾತ್ರ. ಆ ಕಚೇರಿ ಇರೋದು ಯಾದಗಿರಿಯಲ್ಲಿ. ಹುಣಸಗಿ ಕಡೆಯ ಹಳ್ಳಿಯಿಂದ ಹೊರಟವನು ಸುರಪುರ ದಾಟಿ, ಶಹಾಪುರ ದಾಟಿ ಬರಬೇಕು. ಹೋದ ತಕ್ಷಣ ಕೈಗೆ ಸಿಗೋ ಕಾಗದ ಅಲ್ಲ ಇದು. ಹುಟ್ಟಿದ ದಾಖಲೆ, ಓದಿದ ದಾಖಲೆ, ಅಪ್ಪ-ಅವ್ವನ ವಾಸದ ದಾಖಲೆ ಕೇಳ್ತಾರೆ, ಪರಿಶೀಲನೆ ಅಂತ ದಿನ ಹೋಗ್ತದ. ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ರ ಮುಗೀತು ಕತಿ. ಅಧಿಸೂಚನೆ ಬಂದ ಮೇಲೆ ಓಡಾಡೋಣ ಅಂದ್ಕೊಂಡ್ರ ಕೊನೆಯ ದಿನಾಂಕ ನಿಮ್ಮ ಸಲುವಾಗಿ ಕಾಯೋದಿಲ್ಲ. ಅದಕ್ಕೇ ಕೊನೇ ವರ್ಷದಲ್ಲೇ ಮಾಡಿಸಿ ಇಟ್ಕೊಳ್ರಿ. ಕಾಲೇಜಿನವರು ಒಂದು ವಾರ ಕೂತು ಫೈನಲ್ ಇಯರ್‌ನವರ ದಾಖಲೆ ಎಲ್ಲಾ ಜೋಡಿಸಿಕೊಟ್ರ, ಹತ್ತು ಮೋಟಿವೇಶನ್ ಭಾಷಣಕ್ಕಿಂತ ಅದೇ ದೊಡ್ಡ ಕೆರಿಯರ್ ಗೈಡೆನ್ಸ್ ಅಂತೀನಿ ನಾನು.

ಇನ್ನು ಎಂ.ಕಾಂ. ಪಾಠ ಮಾಡ್ಬೇಕು, ಕೆ-ಸೆಟ್ ಅಥವಾ ನೆಟ್ ಬರೀಬೇಕು ಅನ್ನೋರು ಅವಶ್ಯ ಸೇರ್ರಿ. ಆದ್ರ ಟೈಮ್‌ಪಾಸ್ ಅಂತ ಸೇರೋದಾದ್ರ ಒಂದು ಲೆಕ್ಕ ಹಾಕ್ರಿ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ 2 ವರ್ಷ. ಪಾಸಾಗಿ 180 ದಿನ ಕೆಲಸ ಇಲ್ಲದವರಿಗೆ ಸಿಗ್ತದ. ಮುಂದೆ ಓದೋಕೆ ಸೇರಿದವರಿಗೆ ಇಲ್ಲ. ಅಂದ್ರೆ 72,000 ರೂಪಾಯಿ ಕೈಬಿಟ್ಟು, ಮೇಲೆ ಫೀಸು ಕಟ್ಟಿ ಕಾಯ್ತಾ ಇದ್ದೀರಿ. ಬಿ.ಕಾಂನಲ್ಲಿ ಶೇ 55 ಬಂದಿದ್ರ ಸಿಎ ಫೌಂಡೇಶನ್ ಬಿಟ್ಟು ನೇರ ಇಂಟರ್ಮೀಡಿಯೇಟ್‌ಗೆ ಸೇರಬಹುದು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ಕಷ್ಟದ ಓದು ಹೌದು, ಆದ್ರ ದಾರಿ ಇದೆ ಅಂತ ಗೊತ್ತಿರಲಿ.

ಅಪ್ರೆಂಟಿಸ್ ಅಂದ್ರ ಐಟಿಐದವರಿಗೆ ಅಂತ ಬಿಟ್ಟುಬಿಡ್ತೀವಿ. ಅದು ತಪ್ಪು. 2024ರ ಸೆಪ್ಟೆಂಬರ್‌ನಲ್ಲಿ ಕೆನರಾ ಬ್ಯಾಂಕ್ 3,000 ಪದವೀಧರ ಅಪ್ರೆಂಟಿಸ್‌ಗಳನ್ನ ಕರೆದಿತ್ತು, ಅದರಲ್ಲಿ 600 ಕರ್ನಾಟಕಕ್ಕೆ. ತಿಂಗಳಿಗೆ 15,000 ರೂಪಾಯಿ ಸ್ಟೈಪೆಂಡ್. ಕಾಂಪಿಟಿಟಿವ್ ಪರೀಕ್ಷೆ ಇರಲಿಲ್ಲ: ಪಿಯುಸಿ ಅಂಕದ ಮೇಲೆ ಪಟ್ಟಿ, ಆಮೇಲೆ ಸ್ಥಳೀಯ ಭಾಷೆ ಬರ್ತದೋ ಇಲ್ಲೋ ಅಂತ ನೋಡೋದು. ನಮ್ಮ ಕನ್ನಡ ಮೀಡಿಯಂ ಇಲ್ಲಿ ಕೆಲಸಕ್ಕೆ ಬಂತು ನೋಡ್ರಿ! ಒಂದೇ ವರ್ಷದ ತರಬೇತಿ, ಕಾಯಂ ನೌಕರಿ ಅಲ್ಲ. ಆದ್ರೂ ರೆಸ್ಯೂಮೆಯಲ್ಲಿ ಬ್ಯಾಂಕಿನ ಒಂದು ವರ್ಷ ಇರೋದಕ್ಕೂ, ಖಾಲಿ ಇರೋದಕ್ಕೂ ಬಹಳ ಫರಕ್ ಅದ. ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಣಿ ಪುಕ್ಕಟೆ, ಇವತ್ತೇ ಮಾಡ್ರಿ.

ಈಗ ನನ್ನ ಇಷ್ಟದ ವಿಷಯ: ಊರಾಗಿನ ಕೆಲಸ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಏನಾಯ್ತು ನೆನಪಿದೆಯಲ್ಲ? ಕೆಲವು ಅಂಗಡಿಯವರು ಕ್ಯೂಆರ್ ಕೋಡೇ ಕಿತ್ತುಹಾಕಿದ್ರು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಆದ್ರ 20 ಲಕ್ಷ ದಾಟಿದ್ರ ಜಿಎಸ್‌ಟಿ ನೋಂದಣಿ ಬೇಕು, ಯಾವ ಸರಕಿಗೆ ತೆರಿಗೆ ಇಲ್ಲ, ಕಾಂಪೊಸಿಷನ್ ಅಂದ್ರೇನು, ಇಷ್ಟು ಹೇಳೋರು ಪಕ್ಕದಲ್ಲಿ ಇದ್ದಿದ್ರ ಅರ್ಧ ಗಾಬರಿ ಕಡಿಮೆ ಆಗ್ತಿತ್ತು. ಆ ಹೇಳೋರು ನೀವಲ್ದೆ ಮತ್ಯಾರು?

ಆದ್ರ ಸಿಲೆಬಸ್‌ನಲ್ಲಿ ಜಿಎಸ್‌ಟಿ ಓದಿದವರನ್ನ ಕರೆದು ಒಂದು ಜಿಎಸ್‌ಟಿಆರ್-1 ತುಂಬಿಸು ಅಂದ್ರ ಕೈ ನಡುಗ್ತದ. ಯಾಕಂದ್ರ ನಾವು ಕಂಪ್ಯೂಟರ್ ಮುಂದೆ ಅಲ್ಲ, ಗೈಡ್ ಮುಂದೆ ಕೂತು ಓದಿದವರು. ಔಷಧ ಒಂದೇ: ಊರಾಗಿನ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ರ, ಹತ್ತಿ ಜಿನ್ನಿಂಗ್ ಮಿಲ್‌ನಲ್ಲಿ, ಅಕ್ಕಿ ಮಿಲ್‌ನಲ್ಲಿ, ಎಪಿಎಂಸಿ ದಲಾಲಿ ಅಂಗಡಿಯಲ್ಲಿ ಆರು ತಿಂಗಳು ಕೂಡ್ರಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ಎರಡು ತಾರೀಖಿನ ಗಡಿಬಿಡಿ ನಾಲ್ಕು ಸಲ ಕಂಡವರಿಗೆ ಟ್ಯಾಲಿ ತಾನಾಗೇ ಬರ್ತದ. ಸಂಬಳ ಕಡಿಮೆ ಕೊಡ್ತಾರ, ಅದನ್ನ ಮುಚ್ಚಿಡಲ್ಲ. "ಇಷ್ಟು ಓದಿ ದಲಾಲಿ ಅಂಗಡ್ಯಾಗ ಲೆಕ್ಕ ಬರೀತಾನ" ಅಂತ ಕಟ್ಟೆ ಮೇಲೆ ಆಡ್ಕೊಳ್ಳೋರೂ ಇರ್ತಾರ. ಅವರೇನು ನಿಮ್ಮ ರೀಚಾರ್ಜ್ ಮಾಡಿಸಲ್ಲ ಬಿಡ್ರಿ. ಕಡೇಚೂರು-ಬಾಡಿಯಾಳದ ಕಾರ್ಖಾನೆಗಳ ವಾಸನೆ ಬಗ್ಗೆ ಜಗಳ ಇದ್ದೇ ಅದ, ಇರಬೇಕು ಕೂಡ. ಹಂಗೇ ಅಲ್ಲಿ ಸ್ಟೋರ್ಸ್, ಡಿಸ್ಪ್ಯಾಚ್, ಪೇರೋಲ್ ಕೆಲಸಕ್ಕೆ ಜಮೀನು ಕೊಟ್ಟ ಊರಿನ ಪದವೀಧರರು ಎಷ್ಟು ಜನ ಇದ್ದಾರೆ ಅಂತಾನೂ ಕೇಳಬೇಕು.

ಸರ್ಕಾರಿ ನೌಕರಿಗೆ ಓದಬೇಡ್ರಿ ಅಂತ ನಾನು ಹೇಳ್ತಿಲ್ಲ. ಆದ್ರ ಅದೊಂದೇ ಬಾಗಿಲು ಅಂದ್ಕೊಂಡ್ರ ಆ ಬಾಗಿಲಲ್ಲಿ ದಲ್ಲಾಳಿಗಳು ನಿಲ್ತಾರೆ. 2023ರ ಅಕ್ಟೋಬರ್‌ನಲ್ಲಿ ಕೆಇಎ ನಡೆಸಿದ ಎಫ್‌ಡಿಎ ಪರೀಕ್ಷೆಯಲ್ಲಿ ಬ್ಲೂಟೂತ್ ಸಿಕ್ಕಿದ್ದು ಕಲಬುರಗಿಯಲ್ಲಿ, ನಮ್ಮ ಯಾದಗಿರಿಯಲ್ಲಿ. ಹೊಲ ಅಡ ಇಟ್ಟು ಯಾರ ಕೈಗೂ ರೊಕ್ಕ ಕೊಡಬ್ಯಾಡ್ರಿ. ಓದೋ ಜಾಗ ಬೇಕಂದ್ರ ಗ್ರಾಮ ಪಂಚಾಯಿತಿ ಅರಿವು ಕೇಂದ್ರಕ್ಕೆ ಹೋಗಿ ಕೂಡ್ರಿ. ಬಾಗಿಲು ಹಾಕಿದ್ರ ಪಿಡಿಒ ಅವರನ್ನ ಕೇಳ್ರಿ, ಅದು ನಿಮ್ಮ ಹಕ್ಕು.

ಹುಡುಗಿಯರಿಗೆ ಒಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸುರಪುರದಿಂದ ಯಾದಗಿರಿಗೆ ದಿನಾ ಬಂದುಹೋದರೂ ಟಿಕೆಟ್ ಇಲ್ಲ. "ಬಸ್ ಚಾರ್ಜಿಗೇ ಸಂಬಳ ಹೋಗ್ತದ" ಅನ್ನೋ ಮನೆಯವರ ಮಾತಿಗೆ ಈಗ ಉತ್ತರ ಅದ. ಸಂಜೆ ಎಷ್ಟಕ್ಕೆ ಕೊನೇ ಬಸ್ಸು ಅನ್ನೋದು ಬೇರೆ ಪ್ರಶ್ನೆ, ಅದರ ಬಗ್ಗೆ ನಿಮ್ಮ ಅನುಭವ ನನಗೆ ಬೇಕು. ವಾಯ್ಸ್ ನೋಟ್ ಕಳಿಸ್ರಿ, ಎರಡು ನಿಮಿಷದ ಒಳಗ. ನಿಮ್ಮ ಊರು, ಯಾವ ರೂಟ್, ಬಸ್ಸಿನ ಟೈಮು ಹೇಳ್ರಿ. ಅವನ್ನೆಲ್ಲ ಇಟ್ಕೊಂಡು ಮುಂದಿನ ಸಂಚಿಕೆ ಮಾಡ್ತೀನಿ. 371(ಜೆ) ಕಾಗದ ಯಾರಿಗೆ ಎಷ್ಟು ದಿನಕ್ಕೆ ಸಿಕ್ತು ಅನ್ನೋದನ್ನೂ ಅದರಲ್ಲೇ ಹೇಳ್ರಿ.