ಒಂದು ಗಿಡ, ಹಲವು ಮನೆ

(ಕೂಟದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ವೈದ್ಯರ ಕೈಗೆ ಮೈಕು ಕೊಟ್ಟರೆ ಸಕ್ಕರೆ ಕಾಯಿಲೆಯ ವಿಷಯ ತೆಗೆಯುತ್ತಾರೆಂಬ ಅಂಜಿಕೆ ನಿಮಗಿರಬಹುದು. ಊಟಕ್ಕೆ ಹೋಳಿಗೆ ಇರುವ ದಿನ ನಾವು ಆ ಪಾಪ ಕಟ್ಟಿಕೊಳ್ಳುವುದಿಲ್ಲ. ಇಂದಿನ ಮಾತು ಒಣಗಿದ ಗಿಡಗಳದ್ದು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹಂಚು, ನೇಯ್ಗೆ, 1843ರ 'ಮಂಗಳೂರ ಸಮಾಚಾರ' ಎಲ್ಲರಿಗೂ ಗೊತ್ತು. ಅವರಲ್ಲಿ ಗಿಡ ಸಂಗ್ರಹಿಸುವವರೂ ಇದ್ದರೆಂಬುದು ಅಷ್ಟು ಪರಿಚಿತವಲ್ಲ. ಮೆಟ್ಸ್ ಎಂಬ ಪಾದ್ರಿಗಳು ಕೆನರಾದಲ್ಲಿ, ನೀಲಗಿರಿಯಲ್ಲಿ ಕೂಡಿಸಿದ ಗಿಡಗಳು ಜರ್ಮನಿಯ ಎಸ್ಲಿಂಗನ್ನಿನಲ್ಲಿದ್ದ ಹೋಹೆನಾಕರ್ ಅವರ ಕೈ ಸೇರುತ್ತಿದ್ದವು. ಈ ಹೋಹೆನಾಕರ್ ವೈದ್ಯರು. ಕಾಕಸಸ್ ಸೀಮೆಯ ಜರ್ಮನ್ ವಸಾಹತಿನಲ್ಲಿ ವರ್ಷಗಟ್ಟಲೆ ಇದ್ದು ಮರಳಿದವರು. ಪರದೇಶದಲ್ಲಿ ದುಡಿದ ವೈದ್ಯರೆಂದರೆ ನಮಗೆ ತುಸು ಪಕ್ಷಪಾತವೇ ಸರಿ.

ಕೆಲಸದ ಕ್ರಮ ಹೀಗೆ. ಒಂದು ಹುಲ್ಲು ಕಂಡರೆ ಒಂದೇ ಎಳೆ ಕೀಳುವುದಿಲ್ಲ. ಅದೇ ಜಾಗದಲ್ಲಿ, ಅದೇ ದಿನ ಹತ್ತಾರು ಎಳೆ ಕಿತ್ತು ಕಾಗದದ ನಡುವೆ ಒತ್ತಿ ಒಣಗಿಸುವುದು. ಕರಾವಳಿಯ ಮಳೆಗಾಲದಲ್ಲಿ ಒಂದು ಪಂಚೆ ಒಣಗಿಸುವ ಕಷ್ಟ ಬಲ್ಲವರಿಗೆ ಇದು ಎಂಥ ತಪಸ್ಸೆಂದು ಹೇಳಬೇಕಿಲ್ಲ. ಆ ಬಳಿಕ ಅವನ್ನು ಕಂತೆಗಳಾಗಿ ಹಂಚಿ, ಪ್ರತಿ ಕಂತೆಯಲ್ಲೂ ಒಂದು ಗಿಡಕ್ಕೆ ಒಂದೇ ಸಂಖ್ಯೆ, ಒಂದೇ ಅಚ್ಚಿನ ಚೀಟಿ. ಹೋಹೆನಾಕರ್ ಅವುಗಳನ್ನು ಯೂರೋಪಿನ ವಿದ್ವಾಂಸರಿಗೂ ಸಂಗ್ರಹಾಲಯಗಳಿಗೂ ಮಾರುತ್ತಿದ್ದರು. ನಕಲು ಎಂದು ತಿಳಿಯಬೇಡಿ, ಇವು ಒಡಹುಟ್ಟುಗಳು. ಆಸ್ಪತ್ರೆಯಲ್ಲಿ ಗಡ್ಡೆಯ ಒಂದೇ ತುಂಡಿನಿಂದ ತೆಳು ಪದರಗಳನ್ನು ಕೊಯ್ದು, ಒಂದು ಸ್ಲೈಡನ್ನು ಇಲ್ಲಿಟ್ಟುಕೊಂಡು ಇನ್ನೊಂದನ್ನು ದೂರದ ತಜ್ಞರಿಗೆ ಕಳಿಸುತ್ತೇವಲ್ಲ, ಹಾಗೆ. ಇಬ್ಬರೂ ನೋಡುವುದು ಅದೇ ರೋಗಿಯನ್ನು.

ಇಂದು ಅಂಥ ಹಾಳೆಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ನೋಡಬಹುದು. ರಾತ್ರಿ ಪಾಳಿ ಮುಗಿಸಿ ಬಂದ ಒಂದು ಬೆಳಿಗ್ಗೆ ನಾವು ನೋಡಿದೆವು. ಕಂದಿದ ಹುಲ್ಲು, ಪಕ್ಕದಲ್ಲಿ ಲ್ಯಾಟಿನ್ ಚೀಟಿ: 'ಟೆರ್ರಾ ಕನಾರಾ', ಮಂಗಳೂರಿನ ಹತ್ತಿರ. ಕಣ್ಣು ತೇವವಾಯಿತೆಂದರೆ ನಗಬೇಡಿ. ಈ ಕಂತೆಗಳನ್ನು ಅಭ್ಯಸಿಸಿದವರಲ್ಲಿ ಹಾಲೆಂಡಿನ ಮಿಕೆಲ್ ಒಬ್ಬರು. ನಮ್ಮ ಪಶ್ಚಿಮ ಘಟ್ಟದ ಹುಲ್ಲುಗಳಲ್ಲಿ 'ಅರುಂಡಿನೆಲ್ಲಾ ಮೆಟ್ಸಿಐ' ಪಾದ್ರಿಗಳ ಹೆಸರು ಹೊತ್ತಿದೆ, 'ಡೈಮೇರಿಯಾ ಹೋಹೆನಾಕರಿ' ಹಂಚಿದವರ ಹೆಸರು ಹೊತ್ತಿದೆ. ದಾರಿ ತೋರಿಸಿದ, ಹೊರೆ ಹೊತ್ತ ತುಳು, ಕನ್ನಡದ ಮಂದಿಯ ಹೆಸರು ನಾವು ನೋಡಿದ ಯಾವ ಚೀಟಿಯಲ್ಲೂ ಇರಲಿಲ್ಲ. ಇದು ನಮಗೆ ಇಂದಿಗೂ ನುಂಗಲಾಗದ ತುತ್ತು.

ಆದರೆ ಹಂಚಿದ್ದರ ಬೆಲೆ ತಿಳಿದದ್ದು ಒಂದು ಶತಮಾನದ ಬಳಿಕ. 1943ರ ಮಾರ್ಚ್ 1ರ ರಾತ್ರಿ ಬಾಂಬು ದಾಳಿಗೆ ಬರ್ಲಿನ್ನಿನ ಸಸ್ಯ ಸಂಗ್ರಹಾಲಯ ಉರಿಯಿತು. ಸುಮಾರು 40 ಲಕ್ಷ ಮಾದರಿಗಳಲ್ಲಿ ಬಹುಪಾಲು ಬೂದಿ. ಮೂಲ ಹಾಳೆ ಹೋದ ಗಿಡಗಳಿಗೆ ವಿದ್ವಾಂಸರು ಆಮೇಲೆ ಹುಡುಕಿಕೊಂಡು ಹೋದದ್ದು ಬೇರೆ ಊರುಗಳಿಗೆ ಹಂಚಿಹೋಗಿದ್ದ ಒಡಹುಟ್ಟುಗಳನ್ನೇ.

ನಾವಿರುವ ಈ ಕುವೈತಿಗೂ ಅಂಥ ಸಂಗ್ರಾಹಕಿಯೊಬ್ಬರಿದ್ದರು. 1929ರಲ್ಲಿ ಬಂದ ವಯೊಲೆಟ್ ಡಿಕ್ಸನ್ ಮರುಭೂಮಿಯ ಗಿಡಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳಿಸುತ್ತಿದ್ದರು. ಮಳೆ ಬಂದ ವಸಂತದಲ್ಲಿ ಇಲ್ಲಿ ನೇರಳೆ ಹೂ ಬಿಡುವ ಖುಝಾಮಾ ಶಾಸ್ತ್ರಕ್ಕೆ 'ಹಾರ್ವುಡಿಯಾ ಡಿಕ್ಸೋನಿಐ' ಆದದ್ದು ಹಾಗೆ.

1990ರ ಆಗಸ್ಟಿನ ಸಂಗತಿ ಇಲ್ಲಿನ ಹಿರಿಯರಿಗೆ ನೆನಪಿಸಬೇಕಿಲ್ಲ. ಆಗ ನಾವು ಊರಿನಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳು. ನಮಗೆ ಪರಿಚಿತವಾದ ಒಂದು ಕುಟುಂಬ ಬಸ್ರಾ, ಅಮ್ಮಾನ್ ದಾರಿಯಾಗಿ ಊರು ಸೇರುವಾಗ ಕೈಯಲ್ಲಿದ್ದದ್ದು ಒಂದು ಚೀಲ ಮಾತ್ರ. ಪದವಿ ಪತ್ರ, ಮದುವೆ ಚಿತ್ರ, ಮಕ್ಕಳ ಜನನಪತ್ರ ಎಲ್ಲ ಫ್ಲ್ಯಾಟಿನಲ್ಲೇ ಉಳಿದವು. ಅವರನ್ನು ಮತ್ತೆ ನಿಲ್ಲಿಸಿದ್ದು ಪುತ್ತೂರಿನ ಭಾವನವರ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಝೆರಾಕ್ಸ್ ಪ್ರತಿಗಳು. "ಎಂತಕ್ಕೆ ಈ ಕಸ" ಎಂದು ಭಾವನವರು ಮೊದಲು ಗೊಣಗಿದ್ದರಂತೆ.

ಈಗ ನಮ್ಮದೊಂದು ಕೋರಿಕೆ. ಕೂಟದ ಹಳೆಯ ಸ್ಮರಣ ಸಂಚಿಕೆ, ನಾಟಕದ ಚಿತ್ರ, ಕರಪತ್ರ ಯಾರಲ್ಲಾದರೂ ಎರಡೆರಡಿದ್ದರೆ ಒಂದನ್ನು ಸಮಿತಿಗೆ ಕೊಡಿ. ಒಂದೇ ಇದ್ದರೆ ಪ್ರತಿ ತೆಗೆಸಿ, ಒಂದು ಇಲ್ಲಿ, ಒಂದು ಊರಿನಲ್ಲಿ ಇಡೋಣ. ಚಿತ್ರದ ಹಿಂದೆ ಚೀಟಿ ಅಂಟಿಸಿ: ವರ್ಷ, ಜಾಗ, ಮತ್ತು ಎಲ್ಲರ ಹೆಸರು, ಪರದೆ ಎಳೆದವರದ್ದೂ, ಅಡುಗೆಗೆ ನಿಂತವರದ್ದೂ. ಬಾಗಿಲ ಬಳಿ ಮೇಜಿನ ಮೇಲೆ ಲಕೋಟೆಗಳಿವೆ, ಊಟಕ್ಕೆ ಹೋಗುವಾಗ ಒಂದೊಂದು ತೆಗೆದುಕೊಳ್ಳಿ.