ನೆಲದೊಳಗಿನ ಗೋಡೆ, ನೆಲದ ಮೇಲಿನ ಲೆಕ್ಕ

(ರಾಯಚೂರಿನಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಒಂದು ಚೀಲ ಭತ್ತಕ್ಕೆ ಹೊಟ್ಟೆಷ್ಟು, ತೌಡೆಷ್ಟು, ಅಕ್ಕಿಯೆಷ್ಟು ಎಂಬುದು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ದುಡಿಯುವವರಿಗೆ ಬಾಯಿಪಾಠ. ಅಲ್ಲಿ ಹೆಚ್ಚಿನ ಪಾಲು ಅಕ್ಕಿಯೇ. ಚಿನ್ನದ ಗಿರಣಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಒಂದು ಟನ್ ಕಲ್ಲನ್ನು ಅರೆದು ಹಿಟ್ಟು ಮಾಡಿದರೆ ಕೈಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ಹೊಟ್ಟು! ಆ ಹೊಟ್ಟು ಎಲ್ಲಿ ಬೀಳುತ್ತದೆ, ಅದರ ನೀರು ಎಲ್ಲಿಗೆ ಹರಿಯುತ್ತದೆ ಎಂಬುದೇ ಇಂದಿನ ವಿಷಯ.

ಹಟ್ಟಿಯ ಕಂಪನಿ ನಿಜಾಮರ ಕಾಲದಲ್ಲಿ, 1947ರಲ್ಲಿ ಹುಟ್ಟಿತು. 1956ರ ಏಕೀಕರಣದ ನಂತರ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಅದು ಕರ್ನಾಟಕ ಸರ್ಕಾರದ ಕಂಪನಿ, ಎಂದರೆ ನಮ್ಮ ನಿಮ್ಮೆಲ್ಲರ ಆಸ್ತಿ. ದೇವದುರ್ಗ ತಾಲ್ಲೂಕಿನ ಊಟಿ, ಮಾನ್ವಿ ಸೀಮೆಯ ಹೀರಾಬುದ್ದಿನ್ನಿ ಗಣಿಗಳಲ್ಲಿ ತೆಗೆದ ಅದಿರೂ ಹಟ್ಟಿಯ ಗಿರಣಿಗೇ ಹೋಗಿದೆ. ಅಲ್ಲಿ ಸಯನೈಡ್ ನೀರಿನಿಂದ ಚಿನ್ನವನ್ನು ಕರಗಿಸಿ ತೆಗೆದ ಮೇಲೆ, ಉಳಿದ ಕೆಸರನ್ನು ಒಡ್ಡಿನೊಳಗೆ ತುಂಬುತ್ತಾರೆ. ಆದರೆ ಸಯನೈಡ್ ಒಂದೇ ಶತ್ರುವಲ್ಲ. ಈ ಭಾಗದ ಚಿನ್ನದ ಕಲ್ಲಿನಲ್ಲಿ ಆರ್ಸೆನಿಕ್, ಎಂದರೆ ನಮ್ಮ ಹಿರಿಯರು ಪಾಷಾಣವೆನ್ನುತ್ತಿದ್ದ ವಿಷವೂ ಇದೆ. ಸಯನೈಡ್ ಬಿಸಿಲು ಗಾಳಿಗೆ ಕ್ರಮೇಣ ಒಡೆದು ಹೋಗುತ್ತದೆ; ಆರ್ಸೆನಿಕ್ ಹೋಗುವುದಿಲ್ಲ.

ಅದು ಏನು ಮಾಡಬಲ್ಲದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕೃಷ್ಣೆಯ ಆಚೆ, ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿ ವಿಜ್ಞಾನಿಗಳು 59 ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿ, 2013ರಲ್ಲಿ ವರದಿ ಪ್ರಕಟಿಸಿದರು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಕೂಡದು. ಅಲ್ಲಿ ನೂರಕ್ಕೆ 79 ಬಾವಿಗಳು ಆ ಮಿತಿಯನ್ನು ದಾಟಿದ್ದವು. ಒಂದರಲ್ಲಿ 303 ಇತ್ತು. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತು ಮೂಡಿತ್ತು. ಹಳೆಯ ಗಣಿಯ ಚಿನ್ನ ಯಾರ ಪೆಟ್ಟಿಗೆ ಸೇರಿತೋ! ವಿಷ ಮಾತ್ರ ಕೂಲಿಯವನ ಕೊಡಕ್ಕೆ ಬಂತು.

ಇದಕ್ಕೆ ಉಪಾಯವಿಲ್ಲವೇ? ಇದೆ. ಗಣಿಕಸದ ಒಡ್ಡಿನಿಂದ ನೀರು ಇಳಿಯುವ ದಿಕ್ಕಿನಲ್ಲಿ ಉದ್ದನೆಯ ಕಂದಕ ತೋಡುತ್ತಾರೆ. ಅಂಚು ಕುಸಿಯದಂತೆ, ತೋಡುತ್ತಿರುವಾಗಲೇ ಅದರಲ್ಲಿ ಬೆಂಟೊನೈಟ್ ಎಂಬ ಜೇಡಿಯ ರಾಡಿಯನ್ನು ತುಂಬಿಡುತ್ತಾರೆ. ಆಮೇಲೆ ಮಣ್ಣಿಗೆ ಅದೇ ಜೇಡಿಯನ್ನು ಕಲಸಿ ಕಂದಕವನ್ನು ಮುಚ್ಚುತ್ತಾರೆ. ಇದೇ ನೆಲದೊಳಗಿನ ಗೋಡೆ. ಈ ಜೇಡಿ ನಮ್ಮ ಎರೆಮಣ್ಣಿನ ಬಳಗದ್ದೇ. ತೇವವಿದ್ದರೆ ಉಬ್ಬಿ ನೀರನ್ನು ತಡೆಯುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದನ್ನು ಕಂಡ ರೈತನಿಗೆ ಇದನ್ನು ಯಾವ ಇಂಜಿನಿಯರೂ ಕಲಿಸಬೇಕಿಲ್ಲ. ಆದ್ದರಿಂದ ಗೋಡೆಯ ತಲೆ ಒಣಗದಂತೆ ಮಣ್ಣು ಹೊದಿಸಬೇಕು.

ನಮ್ಮ ಜಿಲ್ಲೆಯ ನೆಲದಲ್ಲಿ ಇನ್ನೊಂದು ತೊಡಕಿದೆ. ಮೇಲೆ ಎರೆ, ಅದರ ಕೆಳಗೆ ಗರಸು, ಅದರ ಕೆಳಗೆ ಬಂಡೆ. ಬಂಡೆಯಲ್ಲಿಯೂ ಬಿರುಕುಗಳುಂಟು, ನಮ್ಮ ಬೋರುಗಳಿಗೆ ನೀರು ಬರುವುದೇ ಅವುಗಳಿಂದ. ಗೋಡೆ ಗರಸಿನಲ್ಲೇ ನಿಂತರೆ ವಿಷದ ನೀರು ಅಡಿಯಿಂದ ನುಸುಳುತ್ತದೆ. ಅದನ್ನು ಗಟ್ಟಿ ಬಂಡೆಯವರೆಗೆ ಇಳಿಸಬೇಕು. ಬಿರುಕುಗಳಿಗೆ ಸಿಮೆಂಟಿನ ತಿಳಿಯನ್ನು ಒತ್ತಡದಿಂದ ತುಂಬಬೇಕು. ಇಷ್ಟಾದರೂ ತಡೆದ ನೀರು ಒಳಗೆ ಏರುತ್ತಲೇ ಇರುತ್ತದೆ. ಅದನ್ನು ಪಂಪಿನಿಂದ ಎತ್ತಿ ಗಿರಣಿಗೇ ಮರಳಿಸದಿದ್ದರೆ, ತುಂಬಿದ ತೊಟ್ಟಿಯಂತೆ ಪಕ್ಕದಿಂದ ಹರಿದು ಹೋಗುತ್ತದೆ. ಪಂಪು ನಿಂತ ದಿನ ಗೋಡೆಯೂ ಸೋತಂತೆ.

ಕಂದಕದಲ್ಲಿ ಕಬ್ಬಿಣದ ಚೂರು ತುಂಬಿ, ನೀರನ್ನು ಅದರ ಮೂಲಕ ಹಾಯಲು ಬಿಡುವ ಇನ್ನೊಂದು ವಿಧಾನವೂ ಇದೆ. ಆರ್ಸೆನಿಕ್ ತುಕ್ಕಿಗೆ ಅಂಟಿಕೊಳ್ಳುತ್ತದೆ. ಆದರೆ ಆ ಕಬ್ಬಿಣದ ಶಕ್ತಿ ಒಂದು ದಿನ ತೀರುತ್ತದೆ; ಆಗ ಬದಲಾಯಿಸಲೇಬೇಕು.

ಮಿತ್ರರೇ, ನಾನು ಒತ್ತಿ ಹೇಳಬೇಕಾದ ಮಾತು ಇದು: ನೆಲದೊಳಗಿನ ಗೋಡೆ ಯಾರ ಕಣ್ಣಿಗೂ ಕಾಣದು. ಕಾಣದ ಕೆಲಸಕ್ಕೆ ಕಾಣುವ ಲೆಕ್ಕವಿರಬೇಕು. ಅಂಗಡಿಯವನು ತಕ್ಕಡಿಯನ್ನು ಗಿರಾಕಿಯ ಎದುರಿಗೇ ಹಿಡಿಯುತ್ತಾನಲ್ಲವೇ? ಇಲ್ಲಿ ತಕ್ಕಡಿಯೆಂದರೆ ಪರೀಕ್ಷಾ ಬಾವಿ. ಒಡ್ಡಿನ ಮೇಲ್ಭಾಗದಲ್ಲಿ ಕೆಲವು, ಗೋಡೆಯ ಆಚೆ ಕೆಲವು. ಈ ನೆಲದ ಕಲ್ಲಿನಲ್ಲೇ ಆರ್ಸೆನಿಕ್ ಇರುವುದರಿಂದ, ಯಾವುದು ಪ್ರಕೃತಿಯದು, ಯಾವುದು ಗಣಿಕಸದ್ದು ಎಂಬುದನ್ನು ಎರಡೂ ಕಡೆಯ ಬಾವಿಗಳನ್ನು ಹೋಲಿಸಿದರೆ ಮಾತ್ರ ಅರಿಯಬಹುದು. ಯಾರ ಮೇಲೂ ಸುಳ್ಳು ಆರೋಪ ಬೇಡ. ಯಾರಿಗೂ ಸುಳ್ಳು ಸಮಾಧಾನವೂ ಬೇಡ.

ನಮ್ಮ ಬೇಡಿಕೆ ಮೂರು. ಒಂದು, ಗಣಿಯ ಸುತ್ತಿನ ಪ್ರತಿ ಊರಿನ, ತಾಂಡಾದ ಬಾವಿಗಳನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಿ, ಅಂಕಿಗಳನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಎರಡು, ಮಿತಿ ಮೀರಿದ ಬಾವಿಯ ಊರಿಗೆ, ನೆಲದೊಳಗಿನ ಗೋಡೆ ಏಳುವವರೆಗೆ ಕಾಯಿಸದೆ ಬೇರೆ ನೀರು ಕೊಡಬೇಕು. ಮೂರು, ಗೋಡೆಯ ಮತ್ತು ಪಂಪಿನ ಮುಂದಿನ ಖರ್ಚನ್ನು ಚಿನ್ನ ಮಾರಿದ ಹಣದಿಂದ ಈಗಲೇ ತೆಗೆದಿಡಬೇಕು. ಗಣಿ ಮುಚ್ಚಿದ ಮೇಲೂ ಕಸ ಅಲ್ಲೇ ಉಳಿಯುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯ ಸಯನೈಡ್ ದಿಬ್ಬಗಳು ಇಂದಿಗೂ ನಿಂತಿವೆ.

ದೇವದುರ್ಗ, ಮಾನ್ವಿಗಳಿಂದ ಬಂದ ಬಂಧುಗಳೇ, ಈ ಮೂರನ್ನೂ ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಕಳುಹಿಸಿ.